ತೀರಿಹೋದವರ ಮುಖ ಯಾರ ಸರಕು? ವಿಜಯಪುರ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು, ವಿಜಯಪುರ ಜಿಲ್ಲೆ, ಇವರಿಗೆ
ಹಾಗೂ ತಮ್ಮ ಮೂಲಕ ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ

ವಿಷಯ: ನಿಧನರಾದ ಗಣ್ಯರ ಹೋಲಿಕೆಯ ಗೊಂಬೆಗಳನ್ನು ಯಾರ ಒಪ್ಪಿಗೆಯೂ ಇಲ್ಲದೆ ತಯಾರಿಸಿ ಮಾರುತ್ತಿರುವ ಕುರಿತು

ಮಾನ್ಯರೇ,

ನಮ್ಮದು ಮೂರ್ತಿ ಮಾಡುವ ಮನೆತನ. ಚೌತಿಗೆ ಗಣಪತಿ, ನವರಾತ್ರಿಗೆ ದೇವಿ, ಉಳಿದ ತಿಂಗಳುಗಳಲ್ಲಿ ಆರ್ಡರ್ ಬಂದಂತೆ ಫೈಬರಿನ ಎದೆಮಟ್ಟದ ಮೂರ್ತಿಗಳು. ಮಣ್ಣಿನ ಕೆಲಸ, ಅಚ್ಚಿನ ಕೆಲಸ ನಮ್ಮ ಮಾವನವರದು ಮತ್ತು ಯಜಮಾನರದು. ಬಣ್ಣ ಹಚ್ಚಿ ಕೊನೆಗೆ ಕಣ್ಣು ಬಿಡಿಸುವುದು ನನ್ನ ಪಾಲಿನದು. ತೀರಿಹೋದವರ ಮುಖವನ್ನು ಮತ್ತೆ ಮಾಡಿಕೊಟ್ಟೇ ನಾವು ಅನ್ನ ಉಣ್ಣುತ್ತಿರುವುದರಿಂದ, ಈ ವ್ಯಾಪಾರವೇ ತಪ್ಪು ಎಂದು ಹೇಳಲು ನಾನು ಬಂದಿಲ್ಲ. ಯಾರನ್ನೂ ಕೇಳದೆ, ತಯಾರಿಸಿದವರ ಹೆಸರನ್ನೂ ಹಾಕದೆ, ಸತ್ತವರನ್ನು ಸಾಲಾಗಿ ಪೆಟ್ಟಿಗೆಯಲ್ಲಿ ನಿಲ್ಲಿಸಿ ಮಾರುವ ಹೊಸ ದಂಧೆಯೊಂದು ನಮ್ಮ ಜಿಲ್ಲೆಗೆ ಬಂದಿದೆ. ತಮ್ಮ ಗಮನ ಸೆಳೆಯಬೇಕಿರುವುದು ಅದರ ಕಡೆಗೆ.

ಈ ಸಲದ ಸಂಕ್ರಮಣದ ಸಿದ್ಧೇಶ್ವರ ಗುಡಿಯ ಜಾತ್ರೆಯಲ್ಲಿ ಬಳೆ, ಪೀಪಿ, ಬೆಂಡು ಬತ್ತಾಸಿನ ಅಂಗಡಿಗಳ ನಡುವೆ ಒಂದು ಬೇರೆಯೇ ನಮೂನೆಯ ಅಂಗಡಿ ಬಿದ್ದಿತ್ತು. ಗೇಣುದ್ದದ ರೆಸಿನ್ ಗೊಂಬೆಗಳು, ಮುಂಭಾಗದಲ್ಲಿ ಪಾರದರ್ಶಕ ಹಾಳೆಯಿರುವ ಪೆಟ್ಟಿಗೆ, ಅದರ ಮೇಲೆ ಬಂಗಾರದ ಬಣ್ಣದಲ್ಲಿ ‘ಲಿಮಿಟೆಡ್ ಎಡಿಷನ್’. ಮೇಲಿನ ಸಾಲಿನಲ್ಲಿ ಡಾ. ರಾಜ್‌ಕುಮಾರ್, ವಿಷ್ಣುವರ್ಧನ್, ಶಂಕರ್‌ನಾಗ್. ಅದರ ಕೆಳಗೆ ಪುನೀತ್ ರಾಜ್‌ಕುಮಾರ್ ಒಬ್ಬರೇ ಬೇರೆ ಬೇರೆ ಭಂಗಿಗಳಲ್ಲಿ. ಕೊನೆಯ ಸಾಲಿನ ತುದಿಗೆ, ಕೀಚೈನುಗಳ ಗೊಂಚಲಿನ ಮರೆಯಲ್ಲಿ, ನಮ್ಮ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಶ್ರೀಗಳು.

ಶ್ರೀಗಳ ಪೆಟ್ಟಿಗೆಯೊಂದನ್ನು ದುಡ್ಡು ಕೊಟ್ಟು ತಂದೆ. ಬಿಲ್ ಕೇಳಿದ್ದಕ್ಕೆ ಅಂಗಡಿಯ ಹುಡುಗ ನಕ್ಕ. ಬೆಳಕಿಗೆ ಹಿಡಿದು ನೋಡಿದರೆ ಕೆಲಸ ಬಲ್ಲವರಿಗೆ ಎಲ್ಲ ತಿಳಿಯುತ್ತದೆ. ಅಚ್ಚಿನ ಎರಡು ಹೋಳು ಕೂಡಿದ ಗೆರೆಯನ್ನು ಕಿವಿಯ ಹಿಂದೆ ತಿಕ್ಕದೆ ಹಾಗೇ ಬಿಟ್ಟಿದ್ದಾರೆ. ಗದ್ದದ ಕೆಳಗೆ ಗಾಳಿಗುಳ್ಳೆಯ ತೂತು. ಕಣ್ಣಿನ ಬಿಳಿಗೆ ಡಬ್ಬಿಯ ಬಿಳಿಯನ್ನೇ ಬಳಿದಿದ್ದಾರೆ. ನಾವು ಅದಕ್ಕೆ ಚೂರು ಹಳದಿ, ಚೂರು ನೀಲಿ ಬೆರೆಸುತ್ತೇವೆ, ಇಲ್ಲವಾದರೆ ನೋಟ ಎಲ್ಲಿಯೂ ನಿಲ್ಲುವುದಿಲ್ಲ. ಇವೆಲ್ಲ ಅವಸರದ ಕೈಕೆಲಸ, ಸಹಿಸಬಹುದು. ಆದರೆ ಎದೆಯ ಎಡಗಡೆಗೆ ಅಚ್ಚುಕಟ್ಟಾಗಿ ಒಂದು ಜೇಬು ಕೂಡಿಸಿದ್ದಾರೆ. ಜೇಬಿಲ್ಲದ ಬಿಳಿ ಅಂಗಿ ತೊಟ್ಟು ಬದುಕಿದರು ಎಂದು ಈ ಜಿಲ್ಲೆಯ ಚಿಕ್ಕ ಮಕ್ಕಳೂ ಹೇಳುವ ಮನುಷ್ಯನಿಗೆ ಜೇಬು! ಗೊಂಬೆ ಮಾಡಿದವನು ಅವರನ್ನು ನೋಡಿಲ್ಲ, ಪ್ರವಚನ ಕೇಳಿಲ್ಲ, ನೋಡಿದವರನ್ನು ವಿಚಾರಿಸಿಯೂ ಇಲ್ಲ. ಕಂಪ್ಯೂಟರಿನಲ್ಲಿ ತಯಾರಿದ್ದ ಒಂದು ಮೈಗೆ ಶ್ರೀಗಳ ಮುಖ ಕೂಡಿಸಿದ್ದಾನೆ ಎಂಬುದು ನನ್ನ ಊಹೆ. ಯಾಕೆಂದರೆ ಅದೇ ಅಂಗಡಿಯಲ್ಲಿದ್ದ ಪುನೀತ್ ಅವರ ಒಂದು ಗೊಂಬೆಯ ಮೇಲೂ ಅದೇ ಅಂಗಿ, ತೋಳಿನ ಮೇಲೆ ಅವೇ ಮಡಿಕೆಗಳು ಇದ್ದವು.

ಪೆಟ್ಟಿಗೆಯ ಕಥೆ ಇನ್ನೊಂದು. ‘500ರಲ್ಲಿ 137ನೆಯದು’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಪಕ್ಕದ ಪೆಟ್ಟಿಗೆ ತೆಗೆದು ನೋಡಿದರೆ ಅದೂ 137, ಅದರ ಹಿಂದಿನದೂ 137. ತಯಾರಿಸಿದವರ ಹೆಸರಿಲ್ಲ, ಊರಿಲ್ಲ, ತಿಂಗಳು ವರ್ಷ ಇಲ್ಲ, ದೂರು ಕೊಡಲು ಫೋನ್ ನಂಬರ್ ಇಲ್ಲ. ಲಾಭದ ಒಂದು ಪಾಲು ಸಮಾಜಸೇವೆಗೆ ಎಂದು ಮಾತ್ರ ದಪ್ಪ ಅಕ್ಷರದಲ್ಲಿದೆ. ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಇದು ಆಟಿಕೆಯಲ್ಲ, 14 ವರ್ಷ ಮೇಲ್ಪಟ್ಟವರ ಸಂಗ್ರಹಕ್ಕೆ ಎಂದಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆ ಪರೀಕ್ಷೆಯಿಂದ ನುಣುಚಿಕೊಳ್ಳಲು ಈ ಒಂದು ಸಾಲು ಸಾಕು. ಮಾರುತ್ತಿದ್ದದ್ದು ಮಾತ್ರ ಪೀಪಿಗಳ ಪಕ್ಕದಲ್ಲಿ, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ.

ಈ ಗೊಂಬೆಗಳು ಎಲ್ಲಿಂದ ಬಂದವು ಎಂಬ ಸುಳಿವು ನಮಗೆ ಜಾತ್ರೆಗೂ ಮೊದಲೇ ಸಿಕ್ಕಿತ್ತು. ದೀಪಾವಳಿಯ ಮುಂದೆ ಒಬ್ಬ ವ್ಯಾಪಾರಿ ಪೆನ್‌ಡ್ರೈವ್ ಹಿಡಿದುಕೊಂಡು ನಮ್ಮ ಕಾರ್ಖಾನೆಗೆ ಬಂದಿದ್ದರು. ಅವರ ಲೆಕ್ಕ ಸರಳ. ಪತ್ರಿಕೆಯಲ್ಲೋ ಮೊಬೈಲಿನಲ್ಲೋ ಸಿಕ್ಕ ಫೋಟೊ ನೋಡಿ ಕಂಪ್ಯೂಟರಿನಲ್ಲಿ ಮುಖ ಮೂಡಿಸಿ, ಪ್ರಿಂಟರಿನಲ್ಲಿ ಒಂದು ಮೂಲಪ್ರತಿ ತೆಗೆದು, ಅದರ ಮೇಲೆ ಸಿಲಿಕಾನ್ ರಬ್ಬರಿನ ಅಚ್ಚು ತೆಗೆದರೆ ಆಯಿತು. ಅಚ್ಚು ಹರಿಯುವವರೆಗೆ ರೆಸಿನ್ ಸುರಿಯುತ್ತಲೇ ಇರಬಹುದು. ನಾವು ಮಾಡಬೇಕಿದ್ದದ್ದು ಬಣ್ಣದ ಕೆಲಸ ಮಾತ್ರ, ಒಂದಕ್ಕೆ ಇಷ್ಟು ಎಂದು ಕೂಲಿ. ಪಟ್ಟಿಯಲ್ಲಿ ಶ್ರೀಗಳ ಹೆಸರು ನೋಡಿ ನಮ್ಮ ಮಾವನವರು, “ಇದಕ್ಕ ಯಾರ್ನ ಕೇಳೀರಿ?” ಅಂದರು. “ಯಾರ್ನ ಕೇಳೂದೈತ್ರಿ ಕಾಕಾ, ಅವರ ಈಗ ಎಲ್ಲಾರಿಗೂ ಸೇರಿದವ್ರು” ಎಂಬ ಉತ್ತರ ಬಂತು. ಮಾವನವರು ಪೆನ್‌ಡ್ರೈವ್ ತಿರುಗಿ ಅವರ ಕೈಗೇ ಇಟ್ಟರು. ಹೋಗುವಾಗ ಅವರು ಅಂದ ಮಾತು, “ನೀವ್ ಒಲ್ಲೆ ಅಂದ್ರ ಇನ್ನೊಬ್ರು ಮಾಡ್ತಾರ್ರಿ.” ಅದು ಸುಳ್ಳಾಗಲಿಲ್ಲ.

ನಾವು ತೀರಿಹೋದವರ ಮೂರ್ತಿ ಮಾಡುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು, ಯಾಕೆಂದರೆ ಒಪ್ಪಿಗೆ ಎಂಬುದು ಕೋರ್ಟಿನ ಕಾಗದದಲ್ಲಿ ಮಾತ್ರ ಇರುವ ಸಂಗತಿ ಎಂದು ತಿಳಿದವರೇ ಹೆಚ್ಚು. ನಮ್ಮ ಕಡೆ ಹೊಲದಲ್ಲಿ ಹಿರಿಯರ ಗದ್ದಿಗೆ ಕಟ್ಟಿ ಅಲ್ಲೊಂದು ಮೂರ್ತಿ ಕೂಡ್ರಿಸುವವರು ಇದ್ದಾರೆ. ಅವರು ಫೋಟೊ ತರುತ್ತಾರೆ, ಬಹುಪಾಲು ಆಧಾರ್ ಕಾರ್ಡಿನದು ಇಲ್ಲವೆ ಯಾರದೋ ಲಗ್ನದ ಗುಂಪಿನಿಂದ ಕತ್ತರಿಸಿದ್ದು. ಮಣ್ಣಿನ ಮುಖ ಒಂದು ಹದಕ್ಕೆ ಬಂದ ಮೇಲೆ ಮನೆಯವರನ್ನು ಕರೆಸುತ್ತೇವೆ. ಒದ್ದೆ ಬಟ್ಟೆ ಸರಿಸಿದ ಕೂಡಲೇ ಮೊದಲು ಮಾತಾಡುವವರು ಹೆಣ್ಣುಮಕ್ಕಳು. “ಮೂಗು ಇಷ್ಟ ಉದ್ದ ಇರ್ಲಿಲ್ರಿ ನಮ್ಮಪ್ಪಂದು.” “ಎಡಗಡೆ ಹುಬ್ಬಿನಾಗ ಒಂದ್ ಗಾಯದ ಗೆರಿ ಇತ್ರಿ, ಎತ್ತು ಹಾಯ್ದಿದ್ದು.” ಮಾವನವರು ಅವರೆದುರೇ ಮಣ್ಣು ತೆಗೆಯುತ್ತಾರೆ, ಹಚ್ಚುತ್ತಾರೆ. ಮಗಳು ಹೂಂ ಅನ್ನುವವರೆಗೆ ಅಚ್ಚು ತೆಗೆಯುವುದಿಲ್ಲ. ಒಮ್ಮೆ ಅಣ್ಣತಮ್ಮಂದಿರ ನಡುವೆ ಜಗಳವಿದ್ದ ಮನೆಯ ಆರ್ಡರ್ ಬಂದು, ಒಬ್ಬ ಬೇಕೆಂದು, ಇನ್ನೊಬ್ಬ ಬೇಡವೆಂದು ಹಟ ಹಿಡಿದು, ಅರ್ಧ ಮಾಡಿದ ಮುಖವನ್ನು ಮತ್ತೆ ಮಣ್ಣಿನ ಗುಂಡಿಗೆ ಹಾಕಿದ್ದೂ ಇದೆ. ಮುಂಗಡ ಮುಳುಗಿತು, ಇರಲಿ. ನೆಲ ಇದ್ದವರ, ಬಡವರ, ಯಾರ ಮನೆಯವರದೇ ಆಗಲಿ, ಒಬ್ಬ ರೈತನ ಮುಖಕ್ಕೆ ನಮ್ಮ ಓಣಿಯಲ್ಲಿ ಇಷ್ಟು ಮರ್ಯಾದೆ ಇದೆ. ನಾಡಿಗೆ ನಾಡೇ ಬಲ್ಲವರ ಮುಖಕ್ಕೆ ಅದೂ ಇಲ್ಲ.

ಶ್ರೀಗಳ ವಿಷಯದಲ್ಲಿ ನೋವು ಇನ್ನೂ ಹೆಚ್ಚಾಗಲು ಕಾರಣ ತಮಗೂ ತಿಳಿದದ್ದೇ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದರು. ಅದಕ್ಕೂ ಬಹಳ ಮೊದಲು, 2014ರಲ್ಲೇ, ತಮ್ಮ ದೇಹವನ್ನು ಏನು ಮಾಡಬೇಕೆಂದು ಬರೆದಿಟ್ಟಿದ್ದರು. ಮಣ್ಣು ಮಾಡುವ ಬದಲು ಅಗ್ನಿಗೆ ಅರ್ಪಿಸಿ, ವಿಧಿವಿಧಾನಗಳು ಬೇಡ, ಚಿತಾಭಸ್ಮವನ್ನು ನದಿಗೋ ಸಾಗರಕ್ಕೋ ಬಿಡಿ, ಯಾವ ಸ್ಮಾರಕವನ್ನೂ ಕಟ್ಟಬೇಡಿ ಎಂಬುದು ಅದರ ಸಾರ. ಲಕ್ಷಾಂತರ ಜನ ಸೇರಿದ್ದ ದಿನ ಆಶ್ರಮವೂ ಜಿಲ್ಲಾಡಳಿತವೂ ಆ ಪತ್ರದಂತೆಯೇ ನಡೆದುಕೊಂಡವು. ಗದ್ದಿಗೆ ಆಗಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗಲೂ ಅವರು ಪ್ರಧಾನಿಯವರಿಗೆ ವಿನಯದಿಂದ ಪತ್ರ ಬರೆದು ಒಲ್ಲೆ ಎಂದವರು. ಸರ್ಕಾರದ ಗೌರವವನ್ನೇ ಬೇಡವೆಂದವರನ್ನು ಪೆಟ್ಟಿಗೆಯಲ್ಲಿ ನಿಲ್ಲಿಸಿ ಕೀಚೈನಿನ ಪಕ್ಕಕ್ಕೆ ತೂಗುಹಾಕಲು ಯಾರು ಅಧಿಕಾರ ಕೊಟ್ಟರು? ಭಕ್ತರ ಮನೆಯ ಗೋಡೆಯ ಮೇಲಿನ ಫೋಟೊದ ಬಗ್ಗೆ ನಾನು ಮಾತಾಡುತ್ತಿಲ್ಲ. ಅದು ಪ್ರೀತಿಯದು, ಅದರಲ್ಲಿ ಮೂರನೆಯವನ ಲಾಭದ ಲೆಕ್ಕವಿಲ್ಲ.

ಇದನ್ನು ಹಿಡಿದು ಎಲ್ಲಿಗೆ ಹೋಗಬೇಕು ಎಂಬುದೇ ಮೊದಲ ಪ್ರಶ್ನೆಯಾಯಿತು. ಒಂದು ಠಾಣೆಯಲ್ಲಿ, “ಸತ್ತವರ ಮನಿಯವ್ರು ಬಂದು ಬರದುಕೊಡ್ಲಿ” ಅಂದರು. ಸನ್ಯಾಸಿಯ ಮನೆಯವರನ್ನು ನಾನು ಎಲ್ಲಿಂದ ತರಲಿ? ಇನ್ನೊಂದು ಕಚೇರಿಯಲ್ಲಿ ಮೂರ್ತಿಗೆ ಅವಮಾನ ಆಗಿದೆಯೇ, ಮುರಿದಿದ್ದಾರೆಯೇ, ಬಣ್ಣ ಎರಚಿದ್ದಾರೆಯೇ ಎಂದು ಕೇಳಿದರು. ಇಲ್ಲ ಅಂದೆ. ಹಾಗಾದರೆ ಕೇಸ್ ಇಲ್ಲವಂತೆ. ಅವರು ಹೇಳಿದ್ದು ಕಾನೂನಿನ ಪ್ರಕಾರ ಹೆಚ್ಚುಕಡಿಮೆ ಸರಿಯೇ ಎಂದು ನಮ್ಮ ಸಂಬಂಧಿಕ ವಕೀಲರೊಬ್ಬರು ಆಮೇಲೆ ವಿವರಿಸಿದರು. ತೀರಿಹೋದವರ ಬಗ್ಗೆ ಕೆಟ್ಟದ್ದು ಆಡಿ ಮನೆಯವರ ಮನಸ್ಸು ನೋಯಿಸುವ ಉದ್ದೇಶವಿದ್ದರೆ ಮಾನಹಾನಿಯ ಅಪರಾಧವಾಗಬಹುದು. ಹೊಗಳಿ ಮಾರಿದರೆ ಅಪರಾಧವಿಲ್ಲ.

ಬದುಕಿರುವವರಿಗೆ ನಮ್ಮ ನ್ಯಾಯಾಲಯಗಳು ಒಳ್ಳೆಯ ರಕ್ಷಣೆ ಕೊಟ್ಟಿವೆ. ಗಾಯಕ ದಲೇರ್ ಮೆಹಂದಿ ಅವರಂತೆ ಕಾಣುವ, ಅವರ ಹಾಡು ಹಾಡುವ ಗೊಂಬೆಗಳನ್ನು ಕೆಲವು ಅಂಗಡಿಗಳು ಮಾರುತ್ತಿದ್ದಾಗ, 2010ರಲ್ಲಿ ದೆಹಲಿ ಹೈಕೋರ್ಟ್ ಅದಕ್ಕೆ ತಡೆ ಹಾಕಿತು. ಗೊಂಬೆಯ ವ್ಯಾಜ್ಯವೇ ಆಗಿದ್ದರಿಂದ ನಮ್ಮಂಥವರಿಗೆ ಅದು ತಕ್ಷಣ ಅರ್ಥವಾಗುತ್ತದೆ. ಅಮಿತಾಭ್ ಬಚ್ಚನ್ 2022ರಲ್ಲಿ, ಅನಿಲ್ ಕಪೂರ್ 2023ರಲ್ಲಿ ಇಂಥದೇ ತಡೆಯಾಜ್ಞೆ ಪಡೆದರು. ಆದರೆ ಉಸಿರು ನಿಂತ ಮರುಗಳಿಗೆಗೆ ಚಿತ್ರ ಬದಲಾಗುತ್ತದೆ. ನಟ ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಮಗನ ಹೆಸರು, ಬದುಕನ್ನು ಬಳಸಿ ಮಾಡಿದ ಸಿನಿಮಾದ ವಿರುದ್ಧ ಹೋದಾಗ, ಅದೇ ದೆಹಲಿ ಹೈಕೋರ್ಟ್ 2023ರ ಜುಲೈನಲ್ಲಿ ಖಾಸಗಿತನದ ಹಕ್ಕು, ವ್ಯಕ್ತಿತ್ವದ ಹಕ್ಕು ಆ ವ್ಯಕ್ತಿಯೊಂದಿಗೇ ಮುಗಿದವು, ತಂದೆಗೆ ಅವು ಆಸ್ತಿಯಂತೆ ಬರುವುದಿಲ್ಲ ಎಂದಿತು. ಜಯಲಲಿತಾ ಅವರ ಸೋದರ ಸೊಸೆ ಹೂಡಿದ ದಾವೆಯಲ್ಲಿ ಮದ್ರಾಸ್ ಹೈಕೋರ್ಟಿನ ಧೋರಣೆಯೂ ಹಾಗೇ ಇತ್ತು. ಆ ಎರಡೂ ಸಿನಿಮಾದ ವ್ಯಾಜ್ಯಗಳು. ಒಬ್ಬರ ಬದುಕಿನ ಬಗ್ಗೆ ಕಥೆ ಹೇಳುವ ಸ್ವಾತಂತ್ರ್ಯ ಇರಬೇಕು ಎಂದು ನನಗೂ ಅನ್ನಿಸುತ್ತದೆ. ಆದರೆ ಕಥೆಗೆ ಕೊಟ್ಟ ಸ್ವಾತಂತ್ರ್ಯದ ಹಿಂದೆ ಅವಿತು ಗೊಂಬೆ ವ್ಯಾಪಾರಿಯೂ ಒಳಗೆ ಬಂದುಬಿಟ್ಟಿದ್ದಾನೆ.

ಒಂದು ವಿಚಿತ್ರ ನೋಡಿ. ಡಾ. ರಾಜ್‌ಕುಮಾರ್ ಮತ್ತು ಪುನೀತ್, ತಂದೆ ಮಗ ಇಬ್ಬರೂ ಕಣ್ಣು ದಾನ ಮಾಡಿ ಹೋದವರು. ತೀರಿಹೋದವರ ಕಣ್ಣು ಪಡೆಯಬೇಕಾದರೆ ಈ ದೇಶದ ಕಾನೂನು ಅವರು ಬದುಕಿದ್ದಾಗ ಏನು ಹೇಳಿದ್ದರು ಎಂದು ಕೇಳುತ್ತದೆ, ಮನೆಯವರ ಆಕ್ಷೇಪಣೆ ಇದೆಯೇ ಎಂದು ನೋಡುತ್ತದೆ. ಅದೂ ಇನ್ನೊಬ್ಬ ಕುರುಡನಿಗೆ ಬೆಳಕು ಕೊಡುವ ಪುಣ್ಯದ ಕೆಲಸಕ್ಕೆ. ಅದೇ ಕಣ್ಣನ್ನು ರೆಸಿನ್ನಿನಲ್ಲಿ ಎರಕ ಹೊಯ್ದು ಮಾರುವವನನ್ನು ಯಾರೂ ಏನೂ ಕೇಳುವುದಿಲ್ಲ.

ಹೊರದೇಶಗಳಲ್ಲಿ ಇದಕ್ಕೆ ದಾರಿ ಹುಡುಕಿದ್ದಾರೆ. ಮಾರ್ಟಿನ್ ಲೂಥರ್ ಕಿಂಗ್ ಅವರ ಪ್ಲಾಸ್ಟಿಕ್ಕಿನ ಎದೆಮಟ್ಟದ ಮೂರ್ತಿಗಳನ್ನು ಅಮೆರಿಕದ ಒಂದು ಕಂಪನಿ ಮಾರಲು ಹೊರಟಾಗ ಅದು ಜಾರ್ಜಿಯಾ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಕಿಂಗ್ ಅವರ ಸ್ಮರಣೆಯ ಸಂಸ್ಥೆಗೂ ಒಂದು ಪಾಲು ಕೊಡುತ್ತೇವೆ ಎಂದು ಆ ಕಂಪನಿಯೂ ಹೇಳಿಕೊಂಡಿತ್ತು, ನಮ್ಮ ಜಾತ್ರೆಯ ಪೆಟ್ಟಿಗೆಯ ಹಾಗೆ. 1982ರಲ್ಲಿ ನ್ಯಾಯಾಲಯ ಕೊಟ್ಟ ತೀರ್ಪಿನಲ್ಲಿ ನನಗೆ ಮುಖ್ಯವೆನಿಸಿದ್ದು ಇದು: ಕಿಂಗ್ ಬದುಕಿದ್ದಾಗ ತಮ್ಮ ಮುಖವನ್ನು ದುಡ್ಡಿಗೆ ಬಳಸಿಕೊಳ್ಳಲಿಲ್ಲ ಎಂಬುದನ್ನೇ ನೆಪ ಮಾಡಿಕೊಂಡು ಅವರು ಸತ್ತ ಮೇಲೆ ಬೇರೆಯವರು ಬಳಸಿಕೊಳ್ಳುವಂತಿಲ್ಲ, ಹಕ್ಕು ಸಾವಿನ ನಂತರವೂ ಉಳಿಯುತ್ತದೆ. ತನ್ನನ್ನು ಮಾರಿಕೊಂಡ ನಟನಿಗೆ ರಕ್ಷಣೆ, ಮಾರಿಕೊಳ್ಳದ ಸಂತನಿಗೆ ಇಲ್ಲ ಎಂದಾಗಿದ್ದರೆ ಅದು ತೀರಾ ಅನ್ಯಾಯವಾಗುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಸಾವಿನ ನಂತರ 70 ವರ್ಷ, ನ್ಯೂಯಾರ್ಕಿನಲ್ಲಿ 40 ವರ್ಷ ಈ ಹಕ್ಕು ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ವಾರಸುದಾರರು ತಮ್ಮ ಹೆಸರನ್ನು ಸರ್ಕಾರದ ದಫ್ತರದಲ್ಲಿ ನೋಂದಾಯಿಸಬಹುದು, ಗೊಂಬೆ ಮಾಡಬೇಕೆನ್ನುವವನು ಯಾರನ್ನು ಕೇಳಬೇಕೆಂದು ಅಲ್ಲಿ ನೋಡಿಕೊಳ್ಳಬಹುದು.

ಕಾನೂನಿಗಿಂತ ಕೈಬಲವೇ ಕೆಲಸ ಮಾಡಿದ ಉದಾಹರಣೆಯೂ ಇದೆ. ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ತೀರಿಕೊಂಡದ್ದು 2011ರ ಅಕ್ಟೋಬರಿನಲ್ಲಿ. ಕೆಲವೇ ತಿಂಗಳಲ್ಲಿ ಚೀನಾದ ಒಂದು ಕಂಪನಿ ಅವರ 12 ಇಂಚಿನ ಗೊಂಬೆಯನ್ನು ಪ್ರಕಟಿಸಿತು. ನೋಡಿದವರು ಬೆಚ್ಚುವಷ್ಟು ಹೋಲಿಕೆ ಇತ್ತು. ಆ್ಯಪಲ್‌ನ ವಕೀಲರೂ ಮನೆಯವರೂ ಗಟ್ಟಿಯಾಗಿ ನಿಂತದ್ದರಿಂದ 2012ರ ಜನವರಿಯಲ್ಲೇ ಅದನ್ನು ಕೈಬಿಟ್ಟರು. ನಮ್ಮ ನಾಡಿನ ನಾಟಕದ, ಸಂಗೀತದ ಹಿರಿಯರ ಮನೆಗಳಲ್ಲಿ ಅಂಥ ವಕೀಲರ ಪಡೆ ಎಲ್ಲಿದೆ? ಬೆಳಗಾವಿಯ ರಂಗಭೂಮಿಗೆ ನೂರು ವರ್ಷ ದಾಟಿದ ಆಯುಷ್ಯವನ್ನೇ ಧಾರೆಯೆರೆದ ಏಣಗಿ ಬಾಳಪ್ಪನವರು 2017ರಲ್ಲಿ ತೀರಿಕೊಂಡರು. ನಾಳೆ ಅವರ ಬಣ್ಣದ ಮುಖವೂ ಪೆಟ್ಟಿಗೆಯೊಳಗೆ ಬಂದರೆ ಮನೆಯವರಿಗೆ ಒಂದು ಮಾತು ಕೇಳುವ ಸೌಜನ್ಯವೂ ಇರುವುದಿಲ್ಲ, ಒಂದು ರೂಪಾಯಿ ಗೌರವಧನವೂ ಸಿಗುವುದಿಲ್ಲ.

ಹಾಗೆಂದು ಅಮೆರಿಕದ ಕಾನೂನನ್ನು ಎತ್ತಿ ತಂದು ಇಲ್ಲಿ ನೆಟ್ಟರೆ ಆಯಿತು ಎಂದೂ ನಾನು ಹೇಳುವುದಿಲ್ಲ. ಅಲ್ಲಿಯ ಲೆಕ್ಕಾಚಾರವೆಲ್ಲ ವಾರಸುದಾರರ ಸುತ್ತ ತಿರುಗುತ್ತದೆ. ಮುಖ ಒಂದು ಆಸ್ತಿ, ಅದು ಮಕ್ಕಳಿಗೆ ಹೋಗುತ್ತದೆ, ಮಕ್ಕಳು ಮಾರಬಹುದು. ಸನ್ಯಾಸಿಗೆ ಮಕ್ಕಳಿಲ್ಲ. ಮಠವೋ ಆಶ್ರಮವೋ ವಾರಸುದಾರನೆಂದು ಕಾನೂನು ಒಪ್ಪಿದರೆ, ಗುರು ಬೇಡವೆಂದದ್ದನ್ನು ಮುಂದೊಂದು ಕಾಲಕ್ಕೆ ಬರುವ ಶಿಷ್ಯ ಬೇಕೆನ್ನಬಹುದು. ಸಿನಿಮಾದವರ ಮನೆಯಲ್ಲೂ ಹೀಗೆ ಆಗಬಹುದು. ಆದ್ದರಿಂದ ಮೊದಲು ನೋಡಬೇಕಾದದ್ದು ಆ ಮನುಷ್ಯ ತಾನೇ ಬರೆದಿಟ್ಟ ಮಾತನ್ನು. ಅದು ಇದ್ದರೆ ಮನೆಯವರೂ ಮಠದವರೂ ಅದಕ್ಕೆ ಬದ್ಧರು. ಅದು ಇಲ್ಲದಿದ್ದಾಗ ಮಾತ್ರ ವಾರಸುದಾರರ ಮಾತು. ಆಸ್ತಿಯ ಉಯಿಲಿಗೆ ಕೊಡುವ ಬೆಲೆಯನ್ನು ಮುಖದ ಉಯಿಲಿಗೂ ಕೊಡಿ ಎಂಬಷ್ಟೇ ನನ್ನ ಬೇಡಿಕೆ.

ಹೊಸ ಕಾನೂನು ಬರುವುದಕ್ಕೆ ವರ್ಷಗಳು ಹಿಡಿಯುತ್ತವೆ, ಅದು ದೆಹಲಿಯ ಮಾತು ಎಂದು ತಮ್ಮ ಕಚೇರಿಯಿಂದ ಹಿಂಬರಹ ಬರಬಹುದು. ಆದರೆ ಇರುವ ಕಾನೂನಿನಲ್ಲೇ ತಾವು ಮಾಡಬಹುದಾದದ್ದು ಸಾಕಷ್ಟಿದೆ. ಪೆಟ್ಟಿಗೆ ಕಟ್ಟಿ ಮಾರುವ ವಸ್ತುವಿನ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ತಿಂಗಳು ವರ್ಷ, ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿಗೆ ಸಂಪರ್ಕ ಇರಲೇಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಹೇಳುತ್ತವೆ. ಅದನ್ನು ನೋಡಿಕೊಳ್ಳುವ ಕಾನೂನು ಮಾಪನ ಇಲಾಖೆಯ ಅಧಿಕಾರಿಗಳು ತಮ್ಮ ಜಿಲ್ಲೆಯಲ್ಲೇ ಇದ್ದಾರೆ. ತಕ್ಕಡಿ ಬೊಟ್ಟು ಪರೀಕ್ಷಿಸಲು ಸಂತೆಗೆ ಬರುವ ಅವರು ಈ ಪೆಟ್ಟಿಗೆಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಹೆಸರು ವಿಳಾಸ ಹಾಕಲೇಬೇಕಾದ ದಿನ ಈ ದಂಧೆಯ ಅರ್ಧ ಧೈರ್ಯ ಇಳಿಯುತ್ತದೆ, ಯಾಕೆಂದರೆ ಆಮೇಲೆ ನೋಟಿಸು ಕಳಿಸಲು ಒಂದು ಮನೆಬಾಗಿಲು ಇರುತ್ತದೆ. ಒಂದೇ ಸಂಖ್ಯೆಯನ್ನು ಎಲ್ಲ ಪೆಟ್ಟಿಗೆಗೂ ಹಾಕಿ ‘ಲಿಮಿಟೆಡ್’ ಎಂದು ನಂಬಿಸುವುದು ಗ್ರಾಹಕರಿಗೆ ಮಾಡುವ ಮೋಸ. ಅದಕ್ಕೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಇದೆ.

ಫೋಟೊ ತೆಗೆದವರ ಹಕ್ಕನ್ನೂ ಯಾರೂ ನೆನೆಸುತ್ತಿಲ್ಲ. ಚಪ್ಪಟೆ ಚಿತ್ರವನ್ನು ನೋಡಿ ಅದನ್ನೇ ಮೂರು ಆಯಾಮದಲ್ಲಿ ಮೂಡಿಸುವುದೂ ನಕಲು ಎಂದು 1957ರ ಕೃತಿಸ್ವಾಮ್ಯ ಕಾಯ್ದೆ ಸ್ಪಷ್ಟವಾಗಿ ಒಪ್ಪುತ್ತದೆ. ಶ್ರೀಗಳು ಪ್ರವಚನಕ್ಕೆ ಕೂತ ಭಂಗಿಗಳನ್ನು ವರ್ಷಗಟ್ಟಲೆ ಸೆರೆಹಿಡಿದ ಛಾಯಾಗ್ರಾಹಕರು ನಮ್ಮ ಊರಲ್ಲೇ ಇದ್ದಾರೆ. ತಮ್ಮ ಚಿತ್ರದ ಭಂಗಿಯೇ ಗೊಂಬೆಯಾಗಿದೆ ಎಂದು ಅವರು ಗುರುತಿಸಿದರೆ ದೂರು ಕೊಡಬಹುದು. ಅವರಿಗೆ ಈ ಮಾತು ತಿಳಿಸುವ ಕೆಲಸವನ್ನಾದರೂ ವಾರ್ತಾ ಇಲಾಖೆ ಮಾಡಲಿ. ಇನ್ನು ಟ್ರೇಡ್‌ಮಾರ್ಕ್. 1999ರ ಕಾಯ್ದೆಯ 14ನೇ ಕಲಮಿನ ಪ್ರಕಾರ, ತೀರಿಕೊಂಡು 20 ವರ್ಷ ತುಂಬದವರ ಹೆಸರನ್ನೋ ಚಿತ್ರವನ್ನೋ ಯಾರಾದರೂ ತಮ್ಮ ಗುರುತಾಗಿ ನೋಂದಾಯಿಸಲು ಬಂದರೆ, ಅವರ ಕಾನೂನುಬದ್ಧ ಪ್ರತಿನಿಧಿಗಳ ಒಪ್ಪಿಗೆ ತರುವಂತೆ ರಿಜಿಸ್ಟ್ರಾರ್ ಹೇಳಬಹುದು. ಅಂದರೆ ಸತ್ತವರ ಮುಖಕ್ಕೆ ಒಪ್ಪಿಗೆ ಬೇಕು ಎಂಬ ವಿಚಾರ ನಮ್ಮ ಕಾನೂನಿಗೆ ಹೊಸದೇನೂ ಅಲ್ಲ. ಲೇಬಲ್ ಮೇಲೆ ಹಾಕುವಾಗ ಕೇಳುವ ಒಪ್ಪಿಗೆಯನ್ನು ಗೊಂಬೆ ಮಾಡುವಾಗ ಕೇಳುತ್ತಿಲ್ಲ, ಅಷ್ಟೇ.

ರಾಜ್ಯ ಸರ್ಕಾರಕ್ಕೆ ಕಳಿಸುವ ಪತ್ರದಲ್ಲಿ ತಾವು ಇನ್ನೊಂದು ವಿಷಯ ಸೇರಿಸಬೇಕೆಂದು ಕೋರುತ್ತೇನೆ. ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಯುವ 1950ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಗಾಂಧೀಜಿ, ನೆಹರೂ, ಶಿವಾಜಿ ಮಹಾರಾಜರ ಹೆಸರು ಮತ್ತು ಚಿತ್ರಗಳಿವೆ. ಆ ಪಟ್ಟಿಗೆ ಹೆಸರು ಸೇರಿಸಲು ಕೇಂದ್ರದ ಒಂದು ಅಧಿಸೂಚನೆ ಸಾಕು. ಸ್ಮಾರಕವೇ ಬೇಡವೆಂದು ಬರೆದಿಟ್ಟು ಹೋದವರ ವಿಷಯದಲ್ಲಾದರೂ ಕರ್ನಾಟಕ ಸರ್ಕಾರ ಶಿಫಾರಸು ಕಳಿಸಬಹುದಲ್ಲವೇ? ಎಲ್ಲ ನಟರ, ಎಲ್ಲ ಸಾಹಿತಿಗಳ ಹೆಸರನ್ನೂ ಆ ಪಟ್ಟಿಗೆ ತುಂಬುವುದು ಸರಿಯಲ್ಲ, ಅದು ನನಗೂ ಗೊತ್ತು.

ಯಾಕೆಂದರೆ ನನಗೊಂದು ಭಯವಿದೆ, ಅದನ್ನು ಮುಚ್ಚಿಡದೆ ಹೇಳುತ್ತೇನೆ. ಇಂಥ ಕಾನೂನುಗಳು ಬಂದಾಗ ಮೊದಲು ಲಾಠಿ ಬೀಳುವುದು ಚಿಕ್ಕವರ ಮೇಲೆ. 2022ರ ಚೌತಿಯಲ್ಲಿ ಅಪ್ಪು ಜೊತೆಗಿನ ಗಣಪತಿಗೆ ನಾಡಿನ ಎಲ್ಲೆಡೆ ಬೇಡಿಕೆ ಇತ್ತು. ನಮ್ಮ ಓಣಿಯ ಕಲಾವಿದರೂ ಗಲ್ಲಿಯ ಹುಡುಗರ ಮಂಡಳಿಗಳಿಗೆ ಮಾಡಿಕೊಟ್ಟರು. ಹನ್ನೊಂದು ದಿನ ಪೂಜೆ ಮಾಡಿ ನೀರಿಗೆ ಬಿಟ್ಟ ಆ ಮಣ್ಣಿನ ಮೂರ್ತಿಯೂ ಅಂಗಡಿಯ ರೆಸಿನ್ ಪೆಟ್ಟಿಗೆಯೂ ಒಂದೇ ಎಂದು ಯಾವ ಅಧಿಕಾರಿಯೂ ತಿಳಿಯಬಾರದು. ರಾಜ್ಯೋತ್ಸವದ ಸ್ತಬ್ಧಚಿತ್ರ, ಶಾಲೆಯ ಮಕ್ಕಳ ಮಣ್ಣಿನ ಕೆಲಸ, ಚಿತ್ರಕಾರ ಬರೆದ ಒಂದು ಭಾವಚಿತ್ರ, ವ್ಯಂಗ್ಯಚಿತ್ರ, ಇವು ಯಾವುದಕ್ಕೂ ಅಪ್ಪಣೆ ಚೀಟಿ ಬೇಡುವಂತಾಗಬಾರದು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಅವನ ಮುಖ ಹೇಗಿತ್ತೆಂದು ಹೇಳುವ ಫೋಟೊ ಇಲ್ಲ, ಕಲಾವಿದರೇ ಅವನಿಗೆ ಮುಖ ಕೊಟ್ಟವರು. ಅಂಥವರು ಎಲ್ಲರ ಆಸ್ತಿಯಾಗಿಯೇ ಉಳಿಯಬೇಕು. ಸಾವಿನ ನಂತರ ಈ ಹಕ್ಕಿನ ಗಡುವು ಇಷ್ಟು ವರ್ಷ ಎಂದು ಕಟ್ಟುನಿಟ್ಟಾಗಿ ಇದ್ದರೆ ಈ ಗೊಂದಲ ಬರುವುದಿಲ್ಲ. ಆಟಿಕೆಯ ಐಎಸ್‌ಐ ಆದೇಶ ಬಂದಾಗ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ ವಿನಾಯಿತಿ ಕೊಟ್ಟರು. ಗೋಕಾಕದ ಗೊಂಬೆಯವರು, ಕಿನ್ನಾಳದವರು, ನಮ್ಮಂಥ ಮೂರ್ತಿಯವರು ಬದುಕಲು ಅಂಥದೇ ಒಂದು ವಿನಾಯಿತಿ ಇಲ್ಲಿಯೂ ಬೇಕು. ಕೈಯಿಂದ ಒಂದೊಂದೇ ಮಾಡುವವರನ್ನೂ ಅಚ್ಚಿನಿಂದ ನೂರುಗಟ್ಟಲೆ ಎರಕ ಹೊಯ್ಯುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಜಾತ್ರೆಯ ಅಂಗಡಿಯವನ ಮೇಲೆ ನನಗೆ ಸಿಟ್ಟಿಲ್ಲ. ಅವನು ದಿನಕ್ಕೆ ಇಷ್ಟು ಎಂದು ಜಾಗದ ಬಾಡಿಗೆ ಕೊಟ್ಟು, ಮಾಲು ಕಮಿಷನ್ ಮೇಲೆ ತಂದವನು. ಅವನ ಮೇಲೆ ಕೇಸು ಹಾಕಿ, ಪೆಟ್ಟಿಗೆ ಒಯ್ದು, ಸುದ್ದಿಗೆ ಫೋಟೊ ಕೊಟ್ಟು ಮುಗಿಸುವುದು ಸುಲಭ. ದಯವಿಟ್ಟು ಹಾಗೆ ಮಾಡಬೇಡಿ. ಅಚ್ಚು ಯಾರ ಹತ್ತಿರ ಇದೆ ಎಂದು ಕೇಳಿ. ಒಂದು ರಬ್ಬರಿನ ಅಚ್ಚು ಕೈಗೆ ಸಿಕ್ಕರೆ ನೂರು ಪೆಟ್ಟಿಗೆ ಹಿಡಿದದ್ದಕ್ಕೆ ಸಮ, ಇದನ್ನು ಈ ಕೆಲಸದಲ್ಲಿರುವ ಯಾರನ್ನು ಕೇಳಿದರೂ ಹೇಳುತ್ತಾರೆ. ಇದೇ ಗೊಂಬೆಗಳು ಆನ್‌ಲೈನ್ ಅಂಗಡಿಗಳಲ್ಲೂ ಇವೆ. ಅಲ್ಲಿ ಮಾರುವವರ ಹೆಸರು ವಿಳಾಸವನ್ನು ಗ್ರಾಹಕರಿಗೆ ತೋರಿಸಬೇಕೆಂದು 2020ರ ಇ-ಕಾಮರ್ಸ್ ನಿಯಮಗಳಿವೆ. ಆದ್ದರಿಂದ ಮೂಲ ಹುಡುಕುವುದು ಆಗದ ಕೆಲಸವೇನಲ್ಲ.

ಮಾನ್ಯರೇ, ಕಾನೂನು ಮಾಪನ ಇಲಾಖೆಯಿಂದ ಈ ಪೆಟ್ಟಿಗೆಗಳ ತಪಾಸಣೆ ಮಾಡಿಸಿ. ಮುಂದಿನ ಜಾತ್ರೆಗೆ ಅಂಗಡಿ ಜಾಗ ಹರಾಜು ಹಾಕುವಾಗ ಹೆಸರು ವಿಳಾಸವಿಲ್ಲದ ಇಂಥ ಮಾಲು ಇಡಬಾರದೆಂಬ ಷರತ್ತನ್ನು ಜಾತ್ರಾ ಸಮಿತಿಯೊಂದಿಗೆ ಮಾತಾಡಿ ಸೇರಿಸಿ. ಆಶ್ರಮದ ಹಿರಿಯರನ್ನು ತಾವೇ ಭೇಟಿಯಾಗಿ ಅವರ ಅಭಿಪ್ರಾಯ ಲಿಖಿತವಾಗಿ ಪಡೆಯಿರಿ. ನಾನು ಅವರ ಪರವಾಗಿ ಮಾತಾಡುವ ಹಕ್ಕಿನವಳಲ್ಲ, ಈ ಪತ್ರ ನನ್ನ ಹೊಣೆ ಮಾತ್ರ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರು ನಿಧನರಾದ ಕಲಾವಿದರ, ಸಾಧಕರ ವಾರಸುದಾರರ ವಿವರವನ್ನು, ಅವರೇ ಬರೆದಿಟ್ಟ ಇಚ್ಛೆಯಿದ್ದರೆ ಅದನ್ನೂ, ಒಂದೆಡೆ ದಾಖಲಿಸಿಡುವ ವ್ಯವಸ್ಥೆಯನ್ನು ಈಗಲೇ ಆರಂಭಿಸಬಹುದು. ಅದಕ್ಕೆ ಕಾನೂನು ಬೇಕಿಲ್ಲ, ಒಂದು ರಿಜಿಸ್ಟರು ಮತ್ತು ಒಬ್ಬ ಗುಮಾಸ್ತ ಸಾಕು. ಕೆಲಸ ಬಲ್ಲ, ಕೇಳಿ ಮಾಡುವ ಮನಸ್ಸಿರುವ ಕಲಾವಿದರಿಗೂ ಆ ರಿಜಿಸ್ಟರು ಉಪಯೋಗಕ್ಕೆ ಬರುತ್ತದೆ. ಈಗ ನಮಗೆ ಯಾರದಾದರೂ ಮೂರ್ತಿಗೆ ಒಪ್ಪಿಗೆ ಕೇಳಬೇಕೆಂದರೆ ಯಾರ ಮನೆಗೆ ಹೋಗಬೇಕೆಂದೇ ತಿಳಿಯುವುದಿಲ್ಲ.

ನಾನು ತಂದ ಗೊಂಬೆ ಮತ್ತು ಪೆಟ್ಟಿಗೆಯನ್ನು ಈ ಪತ್ರದ ಪ್ರತಿಯ ಜೊತೆಗೆ ತಮ್ಮ ಕಚೇರಿಯ ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಚೌತಿಯ ಅಚ್ಚುಗಳ ಕೆಲಸ ಯುಗಾದಿ ಮುಗಿದೊಡನೆ ಶುರುವಾಗುತ್ತದೆ, ಈ ಗೊಂಬೆ ದಂಧೆಯವರ ರಬ್ಬರಿನ ಅಚ್ಚುಗಳದ್ದೂ ಆಗಲೇ. ತಮ್ಮ ಉತ್ತರ ಅದಕ್ಕಿಂತ ಮೊದಲು ಬರಲಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮೂರ್ತಿಗಳಿಗೆ ಬಣ್ಣ ಹಚ್ಚುವ ಒಬ್ಬ ಹೆಣ್ಣುಮಗಳು
ವಿಜಯಪುರ